ಕಾರವಾನ್ ಪ್ರವಾಸ: ಮೊದಲು ರಾತ್ರಿಗಳನ್ನು ಎಣಿಸಿ

ಪ್ರಶ್ನೆ: ನಾನು ಸಿಂಧನೂರಿನಲ್ಲಿ ಹೈಸ್ಕೂಲ್ ಶಿಕ್ಷಕಿ. ದಸರಾ ರಜೆಯಲ್ಲಿ ಆರು ದಿನ ಪ್ರವಾಸ ಹೋಗಬೇಕು ಅಂತ ಇದ್ದೇವೆ. ನಾವು ಆರು ಮಂದಿ: ನಾನು, ನಮ್ಮ ಯಜಮಾನರು, 11 ಮತ್ತು 6 ವರ್ಷದ ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ಅತ್ತೆ, ನಾದಿನಿ. ಹೈದರಾಬಾದಿನ ವಂಡರ್‌ಲಾ ಮತ್ತು ರಾಮೋಜಿ ಫಿಲ್ಮ್ ಸಿಟಿ ನೋಡಿಕೊಂಡು, ಬರುವಾಗ ಹಂಪಿ ಪಕ್ಕದ ಆನೆಗೊಂದಿ ಹತ್ತಿರ ಎರಡು ರಾತ್ರಿ ಕ್ಯಾಂಪ್ ಮಾಡುವ ಆಸೆ. ಅಮೆರಿಕದ ಆರ್‌ವಿ ವಿಡಿಯೋಗಳನ್ನು ನೋಡಿದ ಮಕ್ಕಳು ಮನೆ ಇರುವ ಗಾಡೀನೇ ಬೇಕು ಅಂತ ಹಟ ಹಿಡಿದಿದ್ದಾರೆ. ಬೆಂಗಳೂರಿನ ಒಬ್ಬರು ಕಾರವಾನ್ ಬಾಡಿಗೆಗೆ ಕೊಡಲು ಒಪ್ಪಿದ್ದಾರೆ. ಆರೂ ದಿನ ಅದರಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು ಓಡಾಡಬಹುದಾ? ಏನೇನು ನೋಡಿಕೊಳ್ಳಬೇಕು?

ಉತ್ತರ: ನೇರವಾಗಿ ಹೇಳುತ್ತೇನೆ ಮೇಡಂ. ಆರೂ ದಿನ ಕಾರವಾನ್ ಬೇಡ. ಹೈದರಾಬಾದಿಗೆ ನಿಮ್ಮೂರಿನ ಟೆಂಪೋ ಟ್ರಾವೆಲರ್‌ನಲ್ಲಿ ಹೋಗಿ, ಅಲ್ಲಿ ರೂಮು ಮಾಡಿ. ಕಾರವಾನನ್ನು ಆನೆಗೊಂದಿಯ ಎರಡು ರಾತ್ರಿಗೆ ಇಟ್ಟುಕೊಳ್ಳಿ. ಮಕ್ಕಳ ಆಸೆ ನಿಜವಾಗಿ ಈಡೇರುವುದು ಅಲ್ಲೇ.

ನಾನು ಗಂಗಾವತಿಯವನು. ಎಷ್ಟೋ ಕುಟುಂಬಗಳಿಗೆ ಇಂಥ ಪ್ರವಾಸ ಹೊಂದಿಸಿ ಕೊಟ್ಟಿದ್ದೇನೆ, ನನ್ನ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೇನೆ. ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಪ್ರತಿ ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತೆ? ನೋಡುವ ಜಾಗಗಳ ಪಟ್ಟಿ ಆಮೇಲೆ. ರಾತ್ರಿ ನಿಲ್ಲುವ ಜಾಗಕ್ಕೆ ಕರೆಂಟು, ನೀರು, ಶೌಚದ ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆ, ಭದ್ರತೆ ಇದ್ದರೆ ಕಾರವಾನ್ ಸುಖ. ಇಲ್ಲದಿದ್ದರೆ ಅದು ಏಳು ಜನ ಉಸಿರು ಕಟ್ಟಿಕೊಂಡು ಮಲಗುವ ಡಬ್ಬಿ. ಏಳು ಅಂದೆ, ಯಾಕಂದ್ರೆ ಡ್ರೈವರ್ ಕೂಡ ಮಲಗಬೇಕು. ಲೆಕ್ಕದಲ್ಲಿ ಅವರನ್ನು ಎಲ್ಲರೂ ಮರೆಯುತ್ತಾರೆ.

ಮಕ್ಕಳು ನೋಡಿದ ವಿಡಿಯೋಗಳು ಸುಳ್ಳಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ 1971ರಲ್ಲಿ ಶುರುವಾಯಿತು. ಅದೇ ವರ್ಷ ಅದರ ಆವರಣದಲ್ಲೇ ಫೋರ್ಟ್ ವಿಲ್ಡರ್ನೆಸ್ ಅನ್ನುವ ಕ್ಯಾಂಪ್ ಗ್ರೌಂಡನ್ನೂ ತೆರೆದರು. ಗಾಡಿ ನಿಲ್ಲಿಸಿದ ಕಡೆಯೇ ಕರೆಂಟಿನ ಪ್ಲಗ್ಗು, ನೀರಿನ ನಲ್ಲಿ, ಶೌಚದ ಪೈಪು ಇರುತ್ತವೆ. ಬೆಳಿಗ್ಗೆ ಪಾರ್ಕಿನ ಬಸ್ಸೇ ಬಂದು ಕರೆದುಕೊಂಡು ಹೋಗುತ್ತೆ. ನಿಮ್ಮ ದಾರಿಯಲ್ಲಿರುವ ಎರಡು ಪಾರ್ಕುಗಳಲ್ಲಿ ಆ ವ್ಯವಸ್ಥೆ ಇಲ್ಲ. ಅಲ್ಲಿನ ಪಾರ್ಕಿಂಗ್ ಹಗಲಿಗೆ. ಸಂಜೆ ಗೇಟು ಮುಚ್ಚಿದ ಮೇಲೆ ನೀವು ಊರ ಹೊರಗಿನ ಯಾವುದೋ ಡಾಬಾ ಅಥವಾ ಪೆಟ್ರೋಲ್ ಬಂಕ್ ಹುಡುಕಬೇಕು. ಆರು ಜನರ ಒದ್ದೆ ಬಟ್ಟೆ, ದಣಿದ ಮಕ್ಕಳು, ಕಾಲು ಚಾಚಿ ಮಲಗಬೇಕಾದ ಅತ್ತೆ. ಅವತ್ತು ರಾತ್ರಿ ಬೇಕಾಗುವುದು ಬಿಸಿನೀರು ಮತ್ತು ಬಾತ್‌ರೂಮು.

ಬಾಡಿಗೆ ಲೆಕ್ಕವೂ ಇದನ್ನೇ ಹೇಳುತ್ತೆ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಶೆಡ್ಡಿನಿಂದ ಶೆಡ್ಡಿಗೆ ಕಿಲೋಮೀಟರ್ ಲೆಕ್ಕ. ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಅಂತ ಹಿಡಿಯುತ್ತಾರೆ. ನೀವು ಓಡಿಸಿದರೂ ಅಷ್ಟೇ, ಓಡಿಸದಿದ್ದರೂ ಅಷ್ಟೇ. ಬೆಂಗಳೂರಿನಿಂದ ಸಿಂಧನೂರಿಗೆ ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ ಮೇಲೆ ಸುಮಾರು 400 ಕಿ.ಮೀ. ಬಂದು ಹೋಗುವುದಕ್ಕೇ 800 ಆಯಿತು. ಮೂರು ದಿನಕ್ಕೆ ತಗೊಂಡರೆ ಕನಿಷ್ಠ ಲೆಕ್ಕವೇ 900. ಅಂದರೆ ಬಂದು ಹೋಗುವ ದೂರ ಹೆಚ್ಚು ಕಡಿಮೆ ಅದರೊಳಗೇ ಮುಗಿಯುತ್ತೆ. ಆರು ದಿನಕ್ಕೆ ತಗೊಂಡರೆ ಕನಿಷ್ಠವೇ 1,800. ವಂಡರ್‌ಲಾ ಪಾರ್ಕಿಂಗ್‌ನಲ್ಲಿ ಬಿಸಿಲು ಕಾಯುತ್ತಾ ನಿಂತ ದಿನಕ್ಕೂ 300 ಕಿ.ಮೀ. ದುಡ್ಡು ಕೊಡುತ್ತೀರಿ. ಇದರ ಮೇಲೆ ಡ್ರೈವರ್ ಭತ್ಯೆ, ಟೋಲ್, ಪಾರ್ಕಿಂಗ್ ಬೇರೆ. ಇವೆಲ್ಲ ಯಾರ ಲೆಕ್ಕಕ್ಕೆ ಅಂತ ಮೊದಲೇ ಬರೆಸಿಕೊಳ್ಳಿ.

ಇನ್ನೊಂದು ವಿಷಯ ನಕ್ಷೆ ನೋಡಿದರೆ ಗೊತ್ತಾಗುತ್ತೆ. ಹೈದರಾಬಾದಿನಿಂದ ಆನೆಗೊಂದಿಗೆ ಬರುವ ದಾರಿ ರಾಯಚೂರು, ಮಾನ್ವಿ, ಸಿಂಧನೂರು, ಕಾರಟಗಿ, ಗಂಗಾವತಿ. ನಡುವೆ ನಿಮ್ಮ ಮನೆಯೇ ಇದೆ! ಅಲ್ಲಿ ಒಂದು ರಾತ್ರಿ ಇಳಿಯಿರಿ. ಬಟ್ಟೆ ಒಗೆದು, ಅತ್ತೆಯವರು ತಮ್ಮ ಹಾಸಿಗೆಯಲ್ಲೇ ಮಲಗಿ ಎದ್ದರೆ ಮುಂದಿನ ಎರಡು ದಿನ ಎಲ್ಲರ ಮುಖದಲ್ಲೂ ನಗು ಇರುತ್ತೆ. ದಸರಾ ರಜೆ ಹೇಗೂ ಉದ್ದ ಇರುತ್ತೆ, ಒಂದು ದಿನ ಹೆಚ್ಚಾದರೆ ನಷ್ಟವಿಲ್ಲ.

ಮೊದಲು ಹೈದರಾಬಾದಿನ ಭಾಗ. ರಾಯಚೂರಿನಿಂದ ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿ, ಮಕ್ತಲ್, ಮಹಬೂಬನಗರ, ಜಡ್ಚರ್ಲಾ, ಶಾದ್‌ನಗರ ಮೇಲೆ ಹೋಗಿ. ಶಂಷಾಬಾದ್ ಹತ್ತಿರ ಔಟರ್ ರಿಂಗ್ ರೋಡ್ ಹತ್ತಿದರೆ ಊರೊಳಗಿನ ಟ್ರಾಫಿಕ್ ಪೂರ್ತಿ ತಪ್ಪುತ್ತೆ. ವಂಡರ್‌ಲಾ ಇರುವುದು ರಾವಿರಾಲದಲ್ಲಿ, ರಿಂಗ್ ರೋಡಿನ 13ನೇ ಎಕ್ಸಿಟ್ ಪಕ್ಕ. ರಾಮೋಜಿಗೆ ಇನ್ನೂ ಮುಂದೆ ಹೋಗಿ 11ನೇ ಎಕ್ಸಿಟ್‌ನಲ್ಲಿ ಇಳಿದು ವಿಜಯವಾಡ ಹೆದ್ದಾರಿ ಹಿಡಿಯಬೇಕು. ಎರಡೂ ಊರಿನ ಒಂದೇ ಬದಿಗಿವೆ. ರೂಮನ್ನು ಆ ಬದಿಯಲ್ಲೇ ಮಾಡಿ. ಚಾರ್ಮಿನಾರ್ ಹತ್ತಿರ ರೂಮು ಮಾಡಿದರೆ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಹೋಗುತ್ತೆ. ಸಿಂಧನೂರಿನಿಂದ ಸುಮಾರು 300 ಕಿ.ಮೀ. ದಾರಿ. ಊಟ, ಚಹಾ, ಅತ್ತೆಯವರು ಇಳಿದು ಕಾಲಾಡಿಸುವುದು ಸೇರಿ ಏಳು ತಾಸು ಹಿಡಿಯಿರಿ. ಆ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ.

ವಂಡರ್‌ಲಾ ದಿನಕ್ಕೆ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಪೆನ್ಸಿಲ್ ಗುರುತು ಹಾಕಿ, ಟೇಪಿನಿಂದ ಅಳೆಯಿರಿ. ಅಲ್ಲಿ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 85ರಿಂದ 140 ಸೆಂ.ಮೀ. ಒಳಗಿದ್ದರೆ ಮಕ್ಕಳ ಟಿಕೆಟ್, ಅದಕ್ಕಿಂತ ಎತ್ತರ ಇದ್ದರೆ ದೊಡ್ಡವರ ಟಿಕೆಟ್. ಜೋರಾಗಿ ತಿರುಗುವ, ತಲೆಕೆಳಗಾಗುವ ಅನೇಕ ರೈಡುಗಳಿಗೂ 140 ಸೆಂ.ಮೀ. ಆಸುಪಾಸಿನಲ್ಲೇ ಗೆರೆ ಎಳೆದಿರುತ್ತಾರೆ. 11 ವರ್ಷದ ಮಗು ಸರಿಯಾಗಿ ಆ ಗೆರೆಯ ಮೇಲೆ ಬರುತ್ತೆ. ಎರಡು ಸೆಂಟಿಮೀಟರ್ ಕಡಿಮೆ ಆಗಿ, ಒಂದು ತಾಸು ಸಾಲಿನಲ್ಲಿ ನಿಂತು, ಕೊನೆಗೆ ವಾಪಸ್ ಕಳಿಸಿಕೊಂಡ ಮಗುವಿನ ಮುಖವನ್ನು ನಾನು ನೋಡಿದ್ದೇನೆ. ಬಹಳ ಸಂಕಟ ಆಗುತ್ತೆ. ಮೊದಲೇ ಅಳೆದು, ಯಾವುದಕ್ಕೆ ಬಿಡುತ್ತಾರೆ, ಯಾವುದಕ್ಕೆ ಬಿಡಲ್ಲ ಅಂತ ಮನೆಯಲ್ಲೇ ಹೇಳಿಬಿಡಿ. ಎಡವಟ್ಟಾಗುವುದಿಲ್ಲ.

ನೀರಿನ ರೈಡುಗಳಿಗೆ ಹತ್ತಿ ಬಟ್ಟೆ ಬಿಡುವುದಿಲ್ಲ, ನೈಲಾನ್ ಅಥವಾ ಲೈಕ್ರಾ ಬೇಕು. ಅಲ್ಲೇ ಕೊಂಡರೆ ಜಾಸ್ತಿ ದುಡ್ಡು. ಸಿಂಧನೂರಿನಲ್ಲೇ ಆಟದ ಸಾಮಾನಿನ ಅಂಗಡಿಯಲ್ಲಿ ನೈಲಾನ್ ಟೀ ಶರ್ಟ್, ಪ್ಯಾಂಟ್ ಸಿಗುತ್ತೆ. ನಿಮಗೆ, ನಾದಿನಿಗೆ ಮೈತುಂಬ ಇರುವ ನೈಲಾನ್ ಟೀ ಶರ್ಟ್, ಲೆಗ್ಗಿಂಗ್ಸ್ ಸಾಕು. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಹಾಗಾಗಿ ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದೇ ಹೋಗಿ. ತೆಲಂಗಾಣದಲ್ಲೂ ಆಗ ದಸರಾ, ಬತುಕಮ್ಮ ರಜೆ ಇರುತ್ತೆ. ಜನ ಇದ್ದೇ ಇರುತ್ತಾರೆ. ಮಂಗಳವಾರ ಅಥವಾ ಬುಧವಾರ ಹೋಗಿ, ಗೇಟು ತೆಗೆಯುವ ಮುಂಚೆ ಅಲ್ಲಿರಿ. ಮೊದಲ ಎರಡು ತಾಸು ದೊಡ್ಡ ಒಣ ರೈಡುಗಳು. ಊಟ ಆದ ತಕ್ಷಣ ತಿರುಗುವ ರೈಡು ಬೇಡ, ಚಿಕ್ಕವನ ಜೊತೆ ಸಣ್ಣ ರೈಡುಗಳಿಗೆ ಹೋಗಿ. ಆಮೇಲೆ ನೀರು.

ಅತ್ತೆಯವರನ್ನು ಅವತ್ತು ಬಲವಂತ ಮಾಡಿ ಕರೆದುಕೊಂಡು ಹೋಗಬೇಡಿ. ಅವರಿಗೆ ಅಲ್ಲಿ ನಡೆಯುವುದು, ಬೆಂಚಿನ ಮೇಲೆ ಕಾಯುವುದು ಬಿಟ್ಟರೆ ಬೇರೆ ಇಲ್ಲ. ಅವರ ದಿನ ರಾಮೋಜಿ. 1996ರಲ್ಲಿ ಶುರುವಾದ ಜಾಗ ಅದು, 1,600 ಎಕರೆಗೂ ಜಾಸ್ತಿ. ಒಳಗೆ ಬಸ್ಸಿನಲ್ಲೇ ಕೂರಿಸಿ ಸೆಟ್ಟುಗಳನ್ನು ತೋರಿಸುತ್ತಾರೆ. ಮೊಣಕಾಲು ನೋವಿದ್ದವರೂ ಬಹಳಷ್ಟು ನೋಡಬಹುದು. ಬರೀ ಒಂದೇ ಪಾರ್ಕಿಗೆ ಸಮಯ ಇದ್ದರೆ? ದೊಡ್ಡ ಮಗು ವಂಡರ್‌ಲಾ ಅನ್ನುತ್ತೆ, ಆದರೆ ಆರು ಜನಕ್ಕೂ ಏನಾದರೂ ಸಿಗುವುದು ರಾಮೋಜಿಯಲ್ಲಿ ಅಂತ ನನ್ನ ಅನುಭವ.

ಪಾರ್ಕು ಮುಗಿಸಿದ ಸಂಜೆ ಊರಿಗೆ ಹೊರಡಲೇಬೇಡಿ. ಒಮ್ಮೆ ನಾನೇ ಗಾಡಿ ಓಡಿಸುತ್ತಿದ್ದೆ. ಇಡೀ ದಿನ ಪಾರ್ಕಿನಲ್ಲಿ ಮಕ್ಕಳ ಹಿಂದೆ ಓಡಾಡಿ, ಏಳು ಗಂಟೆಗೆ ಹೊರಟೆವು. ಹಿಂದೆ ಎಲ್ಲರೂ ನಿದ್ದೆ. ಜಡ್ಚರ್ಲಾ ದಾಟಿದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿತು. ಎಡಗಡೆ ಚಕ್ರ ಡಾಂಬರು ಬಿಟ್ಟು ಕೆಳಗಿಳಿದ ಸದ್ದಿಗೆ ಎಚ್ಚರ ಆಯಿತು. ಮುಂದಿನ ಬಂಕಿನಲ್ಲಿ ನಿಲ್ಲಿಸಿ ಬೆಳಗಿನವರೆಗೂ ಕೂತೆ. ಕೈ ನಡುಗುವುದು ನಿಂತಿರಲಿಲ್ಲ. ಬಾಡಿಗೆ ಡ್ರೈವರ್ ಪಾರ್ಕಿಂಗ್‌ನಲ್ಲಿ ಮಲಗಿರುತ್ತಾರೆ ಬಿಡಿ ಅಂತ ಅಂದುಕೊಳ್ಳಬೇಡಿ. ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಅತ್ತೆಯವರನ್ನೋ ಮಗುವನ್ನೋ ಗಾಡಿಯಲ್ಲಿ ಬಿಟ್ಟು ಹೋಗುವ ಯೋಚನೆಯನ್ನೂ ಮಾಡಬೇಡಿ. ಗಾಜು ಮುಚ್ಚಿದ ಗಾಡಿಯೊಳಗೆ ಇಪ್ಪತ್ತು ನಿಮಿಷದಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿ ಏರುತ್ತೆ.

ಈಗ ಕಾರವಾನ್. ಬೆಂಗಳೂರಿನ ಮಾಲೀಕರಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದದ್ದು: ಆರ್‌ಸಿಯಲ್ಲಿ ಗಾಡಿ ಕಾರವಾನ್ ಅಂತಲೇ ನೋಂದಣಿ ಆಗಿದೆಯಾ? ನಮ್ಮ ದೇಶದಲ್ಲಿ ಮೋಟಾರ್ ಕಾರವಾನ್‌ಗಳಿಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವೇ ಇದೆ. ಆದರೆ ಹಳೆ ಟೆಂಪೋ ಟ್ರಾವೆಲರ್‌ನ ಸೀಟು ಕಿತ್ತು, ಮಂಚ, ಒಲೆ ಕೂರಿಸಿ ಬಾಡಿಗೆಗೆ ಬಿಡುವವರೂ ಇದ್ದಾರೆ. ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಇದ್ದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಂಗೆ ವಿರುದ್ಧ. ಏನಾದರೂ ಆದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಆರ್‌ಸಿ, ವಿಮೆ, ಫಿಟ್‌ನೆಸ್, ಪರ್ಮಿಟ್ ನಾಲ್ಕರ ಫೋಟೋ ತರಿಸಿಕೊಳ್ಳಿ. ಡ್ರೈವರ್ ಜೊತೆ ಬಾಡಿಗೆಗೆ ಬರುವ ಗಾಡಿಗೆ ಹಳದಿ ನಂಬರ್ ಪ್ಲೇಟು ಇರಬೇಕು. ನೀವೇ ಓಡಿಸಲು ಕೊಡುವ ಗಾಡಿಯಾದರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ. ಬಿಳಿ ಪ್ಲೇಟಿನ ಗಾಡಿ ಬಾಡಿಗೆಗೆ ಬಂದರೆ ಬೇಡ ಅನ್ನಿ.

ನಿಮ್ಮ ಯಜಮಾನರು ಓಡಿಸಬಹುದಾ? ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಬಿಡುತ್ತೆ. ಆದರೂ ಮೊದಲ ಸಲ ಡ್ರೈವರ್ ಜೊತೆಗೇ ತಗೊಳ್ಳಿ. ಉದ್ದ, ಎತ್ತರದ ಗಾಡಿ ಹಿಂದೆ ತೆಗೆಯುವುದು ಬೇರೆಯೇ ಕೆಲಸ. ಎತ್ತರ ಅಂದಾಗ ನೆನಪಾಯಿತು. ಮಾಲೀಕರು ಹೇಳುವ ಎತ್ತರದಲ್ಲಿ ಮೇಲಿನ ಎಸಿ ಡಬ್ಬಿ ಸೇರಿದೆಯಾ ಕೇಳಿ. ಒಂದು ರೈಲ್ವೆ ಅಂಡರ್‌ಪಾಸಿನಲ್ಲಿ ನಮ್ಮ ಗಾಡಿಯ ಎಸಿ ಮುಚ್ಚಳ ಪೂರ್ತಿ ಕಿತ್ತು ಹೋಗಿತ್ತು. ಕಾಗದದಲ್ಲಿ ಬರೆದದ್ದು ಬರೀ ಬಾಡಿಯ ಎತ್ತರ. ಟೇಪಿನಿಂದ ಅಳೆದು, ಸ್ಟೀರಿಂಗ್ ಮುಂದೆ ಚೀಟಿ ಅಂಟಿಸಿ.

ಮಂಚ ಎಷ್ಟು, ಬೆಲ್ಟ್ ಇರುವ ಸೀಟು ಎಷ್ಟು ಅಂತ ಬೇರೆ ಬೇರೆ ಕೇಳಿ. ನಾಲ್ವರು ಮಲಗುವ, ಆರು ಮಂದಿ ಕೂರುವ ಗಾಡಿಗಳು ಬಹಳ. ನಿಮಗೆ ಡ್ರೈವರ್ ಬಿಟ್ಟು ಆರು ಸೀಟು ಬೇಕೇ ಬೇಕು. ಗಾಡಿ ಓಡುವಾಗ ಮಂಚದ ಮೇಲೆ ಮಲಗುವುದು, ನಿಂತು ಚಹಾ ಕಾಸುವುದು ಎರಡೂ ಕೂಡದು. ವಿಡಿಯೋದಲ್ಲಿ ಚೆನ್ನಾಗಿ ಕಾಣಬಹುದು, ಒಂದು ಬ್ರೇಕಿಗೆ ಮಗು ಮುಂದಿನ ಗಾಜಿಗೆ ಬಂದು ಬೀಳುತ್ತೆ. ಮಲಗಲು ಅತ್ತೆ, ನಾದಿನಿ, ಇಬ್ಬರು ಮಕ್ಕಳು ಗಾಡಿಯಲ್ಲಿ. ನೀವಿಬ್ಬರು ಪಕ್ಕದಲ್ಲಿ ಟೆಂಟ್ ಹಾಕಿ. ಡ್ರೈವರ್‌ಗೆ ಕ್ಯಾಂಪಿನ ಜಾಗದವರ ಹತ್ತಿರ ಒಂದು ರೂಮು ಕೇಳಿ. ಅವರು ಬೆಂಗಳೂರಿನಿಂದ 400 ಕಿ.ಮೀ. ಓಡಿಸಿಕೊಂಡು ಬಂದಿರುತ್ತಾರೆ.

ಕರೆಂಟಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಎಲ್ಲರೂ ಮೋಸ ಹೋಗುವುದು ಇಲ್ಲೇ. "ಎಸಿ ಇದೆ" ಅಂತ ಮಾಲೀಕರು ಹೇಳುತ್ತಾರೆ. ಇರುತ್ತೆ, ಸುಳ್ಳಲ್ಲ. ಆದರೆ ನಿಂತ ಗಾಡಿಯಲ್ಲಿ ಅದಕ್ಕೆ ಕರೆಂಟು ಎಲ್ಲಿಂದ? ಒಂದು ಟನ್ ಎಸಿ ತಾಸಿಗೆ ಸುಮಾರು ಒಂದು ಯೂನಿಟ್ ತಿನ್ನುತ್ತೆ. ರಾತ್ರಿ ಎಂಟು ತಾಸಿಗೆ ಎಂಟು ಯೂನಿಟ್. 12 ವೋಲ್ಟಿನ 200 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಒಟ್ಟು ಇರುವುದೇ 2.4 ಯೂನಿಟ್. ಸಾದಾ ಬ್ಯಾಟರಿಯಾದರೆ ಅದರಲ್ಲಿ ಅರ್ಧದಷ್ಟನ್ನೇ ಬಳಸಬೇಕು, ಇಲ್ಲದಿದ್ದರೆ ಬ್ಯಾಟರಿ ಹಾಳಾಗುತ್ತೆ. ಅಂದರೆ ಎಸಿ ಒಂದು ತಾಸು ಓಡಿ ನಿಲ್ಲುತ್ತೆ. ಅದೇ 20 ವ್ಯಾಟಿನ ನಾಲ್ಕು ಡಿಸಿ ಫ್ಯಾನು ಇಡೀ ರಾತ್ರಿ ತಿರುಗಿದರೂ ಮುಕ್ಕಾಲು ಯೂನಿಟ್ ದಾಟುವುದಿಲ್ಲ. ಅಕ್ಟೋಬರ್ ರಾತ್ರಿಗೆ ಆನೆಗೊಂದಿಯಲ್ಲಿ ಫ್ಯಾನು, ಕಿಟಕಿಗೆ ಸೊಳ್ಳೆ ಜಾಲರಿ ಸಾಕು. ಸುತ್ತ ಭತ್ತದ ಗದ್ದೆ, ಸೊಳ್ಳೆ ಎಷ್ಟು ಅಂತ ಸಿಂಧನೂರಿನವರಿಗೆ ನಾನು ಹೇಳಬೇಕಾಗಿಲ್ಲ. ಎಸಿ ಬೇಕೇ ಬೇಕು ಅಂದರೆ 16 ಆಂಪಿಯರ್ ಪ್ಲಗ್ ಕೊಡುವ ಜಾಗದಲ್ಲೇ ನಿಲ್ಲಿಸಿ. 2.5 ಚದರ ಮಿ.ಮೀ. ವೈರಿನ ಉದ್ದ ಎಕ್ಸ್‌ಟೆನ್ಷನ್ ನೀವೇ ಇಟ್ಟುಕೊಳ್ಳಿ. ಸಣ್ಣ ವೈರ್ ಬಿಸಿಯಾಗಿ ಕರಗುತ್ತೆ.

ಎಸಿಗಾಗಿ ರಾತ್ರಿ ಜನರೇಟರ್ ಅಥವಾ ಎಂಜಿನ್ ಓಡಿಸಿಕೊಂಡು ಮಲಗುವುದು ಮಾತ್ರ ಯಾವ ಕಾರಣಕ್ಕೂ ಬೇಡ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರ್‌ನಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು. ಅದಕ್ಕೆ ವಾಸನೆ ಇಲ್ಲ, ಕೆಮ್ಮೂ ಬರಿಸುವುದಿಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಚಳಿ ಅಂತ ಇದ್ದಿಲ ಒಲೆಯನ್ನು ಒಳಗಿಟ್ಟರೂ ಅದೇ ವಿಷ. ಗಾಡಿಯಲ್ಲಿ ಇದಕ್ಕೆ ಅಲಾರಂ ಇದೆಯಾ ಕೇಳಿ. ಇಲ್ಲದಿದ್ದರೆ ಬ್ಯಾಟರಿ ಹಾಕುವ ಸಣ್ಣದೊಂದನ್ನು ಕೊಂಡು ತಲೆದೆಸೆಯಲ್ಲಿ ಇಡಿ.

ಗ್ಯಾಸ್ ವಿಷಯವೂ ಹಾಗೇ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ, ಮಂಚದ ಕೆಳಗೆ ಕೂರುತ್ತೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಗೆ ಗಾಳಿ ಹೋಗುವ ತೂತು ಇರಲೇಬೇಕು. ಗಾಡಿ ಹೊರಡುವ ಮುಂಚೆ ಸಿಲಿಂಡರ್ ವಾಲ್ವ್ ಬಂದ್ ಮಾಡಬೇಕು. ನನ್ನನ್ನು ಕೇಳಿದರೆ ಅಡುಗೆಯನ್ನೇ ಕಡಿಮೆ ಮಾಡಿ. ನಮ್ಮ ಕಡೆಯವರಿಗೆ ಆ ಪುಣ್ಯ ಇದೆ ಅಲ್ವಾ? ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಫ್ರಿಜ್ಜಿಲ್ಲದೆ ವಾರ ಇರುತ್ತೆ. ಬೆಳಿಗ್ಗೆ ಮಂಡಾಳು ಒಗ್ಗರಣೆಗೆ ಹತ್ತು ನಿಮಿಷ. ಗಂಗಾವತಿಯಲ್ಲಿ ಮೊಸರು, ಕಾಯಿಪಲ್ಲೆ ತಗೊಂಡರೆ ಆಯಿತು. ದಿನಕ್ಕೆ ಒಂದೇ ಸಲ ಅನ್ನ ಸಾರು, ಅದೂ ಗಾಡಿಯ ಹೊರಗೆ ಮೇಜು ಹಾಕಿ. ಒಗ್ಗರಣೆ ಹೊಗೆ ಹಾಸಿಗೆಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ.

ನೀರು. ಗಾಡಿಯ ಟ್ಯಾಂಕು 100 ಲೀಟರ್ ಅಂತಿಟ್ಟುಕೊಳ್ಳಿ. ಆರು ಜನ ಒಂದೊಂದು ಬಕೆಟ್ ಸ್ನಾನ ಮಾಡಿದರೆ 90 ಲೀಟರ್ ಮುಗಿಯಿತು. ಹಾಗಾಗಿ ಸ್ನಾನ ಕ್ಯಾಂಪಿನ ಬಾತ್‌ರೂಮಿನಲ್ಲಿ. ಟ್ಯಾಂಕಿನ ನೀರು ಪಾತ್ರೆ, ಕೈಕಾಲಿಗೆ. ಕುಡಿಯಲು 20 ಲೀಟರಿನ ಕ್ಯಾನ್ ಬೇರೆ. ಗಾಡಿಯ ಶೌಚದ ಡಬ್ಬಿ ಸಾಮಾನ್ಯವಾಗಿ 20 ಲೀಟರ್ ಹಿಡಿಸುತ್ತೆ. ಆರು ಜನ ಬಳಸಿದರೆ ಒಂದೇ ದಿನಕ್ಕೆ ತುಂಬುತ್ತೆ. ಅದನ್ನು ರಾತ್ರಿ ಅತ್ತೆಯವರಿಗೆ, ಚಿಕ್ಕ ಮಗುವಿಗೆ ಮಾತ್ರ ಇಡಿ. ಖಾಲಿ ಮಾಡುವುದು ಶೌಚಾಲಯದ ಕಮೋಡಿನಲ್ಲಿ. ಹಳ್ಳಕ್ಕೆ, ಹೊಳೆಗೆ, ಯಾರದೋ ಗದ್ದೆಗೆ ಸುರಿಯುವವರನ್ನು ಕಂಡಾಗ ನನಗೆ ಸಿಟ್ಟು ತಡೆಯುವುದಿಲ್ಲ. ಆ ಹೊಳೆಯ ನೀರನ್ನೇ ಕೆಳಗಿನ ಊರಿನವರು ಕುಡಿಯುತ್ತಾರೆ.

ಇನ್ನು ಕ್ಯಾಂಪಿನ ಜಾಗ. ಮನಸ್ಸಿಗೆ ಬರುವುದು ಹೊಳೆದಂಡೆ, ಸಣಾಪುರದ ಕೆರೆ, ಕಾಲುವೆ ಏರಿ. ಮೂರೂ ಬೇಡ. ತುಂಗಭದ್ರಾ ಡ್ಯಾಮಿನ ಕೆಳಗಿರುವವರು ನಾವು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿ ಹೋಯಿತು, ನೆನಪಿದೆಯಲ್ಲ? ಅಷ್ಟು ದೊಡ್ಡದು ಬೇಡ, ಮಾಮೂಲಿ ನೀರು ಬಿಟ್ಟರೂ ಬಂಡೆಗಳ ನಡುವೆ ಹೊಳೆ ನೋಡನೋಡುತ್ತಲೇ ಏರುತ್ತೆ. ಮೊಸಳೆಗಳೂ ಇವೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನು ನೀರುನಾಯಿ ಸಂರಕ್ಷಣಾ ಪ್ರದೇಶ ಅಂತ 2015ರಲ್ಲಿ ಘೋಷಿಸಿದ್ದಾರೆ. ಅಲ್ಲಿ ಬೆಂಕಿ ಹಾಕಿ ಗದ್ದಲ ಮಾಡುವುದು ಆ ಪ್ರಾಣಿಗಳಿಗೆ ಹಿಂಸೆ. ಕಾಲುವೆ ಏರಿಯ ಮೇಲೆ ರಾತ್ರಿ ಕೂರುವುದು ಎಷ್ಟು ಅಪಾಯ ಅನ್ನುವುದನ್ನು 2025ರ ಮಾರ್ಚ್‌ನಲ್ಲಿ ಸಣಾಪುರದ ಹತ್ತಿರ ಪ್ರವಾಸಿಗರ ಮೇಲೆ ನಡೆದ ದಾಳಿ ತೋರಿಸಿತು. ಒಬ್ಬರು ಜೀವ ಕಳೆದುಕೊಂಡರು. ನಮ್ಮ ಜಿಲ್ಲೆಯವರೆಲ್ಲ ತಲೆ ತಗ್ಗಿಸಿದ ದಿನ ಅದು. ಹೆಣ್ಣುಮಕ್ಕಳು, ವಯಸ್ಸಾದವರು ಜೊತೆಗಿರುವಾಗ ಕಾಂಪೌಂಡು, ಗೇಟು, ರಾತ್ರಿ ಎಚ್ಚರ ಇರುವ ಒಬ್ಬ ಮನುಷ್ಯ ಇರುವ ಜಾಗವೇ ಬೇಕು.

ಆನೆಗೊಂದಿ, ಸಣಾಪುರ ಕಡೆ ಹೋಮ್‌ಸ್ಟೇಗಳಿವೆ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಟೆಂಟ್ ಹಾಕಲು ಬಿಡುತ್ತೀರಾ, ಪ್ಲಗ್ ಕೊಡುತ್ತೀರಾ ಅಂತ ಕೇಳಿ. ಜೊತೆಗೆ ಪರವಾನಗಿ ಇದೆಯಾ ಅಂತ ಸಂಕೋಚ ಇಲ್ಲದೆ ಕೇಳಿ. ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ಒಡೆದು ಹಾಕಿದ್ದು ನಿಮಗೂ ಗೊತ್ತು. ಹೊಳೆಯಾಚೆ ಕಮಲಾಪುರದಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಭುವನೇಶ್ವರಿ ಹೋಟೆಲ್ ಇದೆ. ಮಳೆ ಬಂದು ಟೆಂಟ್ ಹಾಕಲಾಗದಿದ್ದರೆ ಅಲ್ಲಿ ಒಂದು ರೂಮು ಕೈಯಲ್ಲಿಟ್ಟುಕೊಂಡಿರಿ. ಹಂಪಿಯ ಸ್ಮಾರಕಗಳ ಆವರಣದಲ್ಲಿ ರಾತ್ರಿ ಗಾಡಿ ನಿಲ್ಲಿಸುವ ಯೋಚನೆ ಬೇಡ.

ಮಳೆ ಅಂದೆನಲ್ಲ, ಅಕ್ಟೋಬರ್‌ನಲ್ಲಿ ಒಂದು ದೊಡ್ಡ ಮಳೆ ಬಿದ್ದೇ ಬೀಳುತ್ತೆ. ಸಿಂಧನೂರಿನಿಂದ ಕಾರಟಗಿವರೆಗೂ ಬಹಳಷ್ಟು ಕಡೆ ಎರೆ ಮಣ್ಣು. ಮೂರೂವರೆ ಟನ್ನಿನ ಗಾಡಿ ಡಾಂಬರು ಬಿಟ್ಟು ಎರಡು ಅಡಿ ಇಳಿದರೂ ಹೂತುಕೊಳ್ಳುತ್ತೆ, ಟ್ರ್ಯಾಕ್ಟರ್ ಬಂದೇ ಎಳೆಯಬೇಕು. ಫೋನ್ ಬಂತು ಅಂತ ಪಕ್ಕಕ್ಕೆ ಇಳಿಸಬೇಡಿ ಅಂತ ಡ್ರೈವರ್‌ಗೆ ಮೊದಲೇ ಹೇಳಿ. ಬೆಂಗಳೂರಿನವರಿಗೆ ಈ ಮಣ್ಣು ಗೊತ್ತಿರುವುದಿಲ್ಲ. ಆನೆಗೊಂದಿ ಕಡೆ ಕಲ್ಲು, ಮರಳು ಮಣ್ಣು. ಅಲ್ಲಿ ತೊಂದರೆ ಇಲ್ಲ.

ಗಾಡಿ ಮಧ್ಯಾಹ್ನ ನಾಲ್ಕರ ಒಳಗೆ ಜಾಗಕ್ಕೆ ಬರಬೇಕು. ಬೆಳಕಿರುವಾಗಲೇ ನೆಲ ಸಮ ಇದೆಯಾ ನೋಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಟೆಂಟಿನ ಸುತ್ತ ಕಸ ಕಡ್ಡಿ ತೆಗೆಯಿರಿ. ಟೆಂಟಿನ ಜಿಪ್ಪು ಒಂದು ನಿಮಿಷವೂ ತೆರೆದಿರಬಾರದು. ಶೂ ಹಾಕುವ ಮುಂಚೆ ಕೊಡವಬೇಕು. ಹಾವು, ಚೇಳು ಇರುವ ನೆಲ. ಹಾವು ಕಡಿದರೆ ಬೇರೆ ಏನೂ ಮಾಡದೆ 108ಕ್ಕೆ ಫೋನ್ ಮಾಡಿ, ಗಾಡಿಯಲ್ಲಿ ತಡಮಾಡದೆ ಗಂಗಾವತಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಉಳಿದ ಊಟ ಹೊರಗೆ ಚೆಲ್ಲಬೇಡಿ. ಹಗಲಲ್ಲಿ ಮಂಗಗಳ ಕಾಟ. ಅಂಜನಾದ್ರಿ ಹತ್ತಿರ ಕಿಟಕಿ ತೆರೆದಿಟ್ಟು ಇಳಿದರೆ ರೊಟ್ಟಿ ಡಬ್ಬಿ ಹೋಯಿತು ಅಂತಲೇ ತಿಳಿಯಿರಿ.

ಅಂಜನಾದ್ರಿಗೆ 575 ಮೆಟ್ಟಿಲು. ಬೆಳಿಗ್ಗೆ ಆರಕ್ಕೆ ಮಕ್ಕಳನ್ನು ನಾದಿನಿ, ಯಜಮಾನರು ಹತ್ತಿಸಲಿ. ನೀವು, ಅತ್ತೆ ಪಂಪಾ ಸರೋವರಕ್ಕೆ ಹೋಗಿ. ಅಲ್ಲಿ ಬೆಳಗಿನ ಹೊತ್ತು ಬಹಳ ಶಾಂತ. ಶನಿವಾರ ಬಿಟ್ಟು ಇಟ್ಟುಕೊಳ್ಳಿ, ಶನಿವಾರ ಕಾಲಿಡಲು ಜಾಗ ಇರುವುದಿಲ್ಲ. ಎರಡನೇ ದಿನ ಪೂರ್ತಿ ಗಾಡಿ ಅಲ್ಲಾಡಿಸಬೇಡಿ. ಆಟೋ ಮಾಡಿಕೊಂಡು ಆನೆಗೊಂದಿ ಸುತ್ತಿ ಬನ್ನಿ. ಮಧ್ಯಾಹ್ನ ಗಾಡಿಯ ನೆರಳಲ್ಲಿ ಚಾಪೆ ಹಾಕಿ ಮಕ್ಕಳು ಚೌಕಾಬಾರ ಆಡಲಿ. ನಾನು ಕಂಡಂತೆ ಮಕ್ಕಳು ವರ್ಷಗಟ್ಟಲೆ ನೆನಪಿಡುವುದು ಈ ಮಧ್ಯಾಹ್ನವನ್ನೇ.

ಗಾಡಿ ವಾಪಸ್ ಕೊಡುವಾಗ ಮಾತಿಗೆ ಮಾತು ಬೆಳೆಯದಂತೆ, ಬಂದ ದಿನವೇ ಹೊರಗೆ ಒಳಗೆ ವಿಡಿಯೋ ಮಾಡಿಟ್ಟುಕೊಳ್ಳಿ. ಮೀಟರಿನ ಫೋಟೋ ಕೂಡ. ಮಾಲೀಕರು ಆರ್‌ಸಿ, ವಿಮೆಯ ಫೋಟೋ ಕಳಿಸಿದ ಮೇಲೆ ಅದರಲ್ಲಿ ಏನಾದರೂ ಅರ್ಥವಾಗದಿದ್ದರೆ ಮತ್ತೆ ಬರೆಯಿರಿ. ದೊಡ್ಡ ಮಗುವಿನ ಎತ್ತರ ಎಷ್ಟು ಬಂತು ಅನ್ನುವುದನ್ನೂ ಬರೆಯಿರಿ. 140ಕ್ಕೆ ಎರಡು ಮೂರು ಸೆಂಟಿಮೀಟರ್ ಕಡಿಮೆ ಇದ್ದರೆ ವಂಡರ್‌ಲಾವನ್ನು ಬೇಸಿಗೆ ರಜೆಗೆ ಇಟ್ಟು, ಈ ಸಲ ರಾಮೋಜಿಗೆ ಎರಡು ದಿನ ಕೊಡಿ ಅಂತಲೇ ಹೇಳುತ್ತೇನೆ.